ಗಾಜಿನೊಳಗಿನ ಯುದ್ಧ, ನಾನು ಅಳಿಸಿದ ಊರು

ಮಕ್ಕಳೇ, ಮೊದಲು ಒಂದು ಸಣ್ಣ ಆಟ. ತೋರುಬೆರಳನ್ನು ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ನೆಟ್ಟಗೆ ಹಿಡಿಯಿರಿ. ಬಲಗಣ್ಣು ಮುಚ್ಚಿ ನೋಡಿ, ಆಮೇಲೆ ಎಡಗಣ್ಣು ಮುಚ್ಚಿ ನೋಡಿ. ಬೆರಳು ಅತ್ತಿಂದಿತ್ತ ಜಿಗಿದ ಹಾಗೆ ಕಾಣಿಸಿತಲ್ಲವೇ? ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಹಾಗಾಗಿ ಒಂದು ಕಣ್ಣಿಗೆ ಕಂಡದ್ದೇ ಇನ್ನೊಂದಕ್ಕೆ ಕಾಣುವುದಿಲ್ಲ. ಮೆದುಳು ಎರಡನ್ನೂ ಕೂಡಿಸಿ ಇದು ಹತ್ತಿರ, ಅದು ದೂರ ಎಂದು ತಿಳಿಸುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಈ ಗುಟ್ಟನ್ನು ವಿವರಿಸಿ, ಎರಡು ಚಿತ್ರಗಳನ್ನು ಒಂದಾಗಿ ತೋರಿಸುವ ಉಪಕರಣವನ್ನೂ ಜಗತ್ತಿಗೆ ಪರಿಚಯಿಸಿದ. ಅದೇ ಸ್ಟಿರಿಯೊಸ್ಕೋಪ್. ನಿಮ್ಮ ಅಪ್ಪ ಅಮ್ಮ ಆಡಿದ ವ್ಯೂ ಮಾಸ್ಟರ್ ಅದರ ಮೊಮ್ಮಗು ಅನ್ನಿ.

ಕಳೆದ ವರ್ಷ ಮಗಳ ಮನೆಗೆಂದು ಪ್ಯಾರಿಸ್‌ಗೆ ಹೋಗಿದ್ದೆ. ಒಂದು ಭಾನುವಾರ ಮೊಮ್ಮಗಳ ಜೊತೆ ಹಳೆಯ ಸಾಮಾನುಗಳ ಸಂತೆಗೆ ಹೋದೆ. ಅವಳಿಗೆ ಹತ್ತು ವರ್ಷ. ಚಮಚ, ಗಡಿಯಾರ, ಒಡೆದ ಬೊಂಬೆಗಳ ನಡುವೆ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಸಾಲಾಗಿ ನಿಲ್ಲಿಸಿದ ಇಪ್ಪತ್ತೆರಡು ಗಾಜಿನ ಪಟ್ಟಿಗಳು. ಪಕ್ಕದಲ್ಲಿ ಎರಡು ಮಸೂರಗಳ ಒಂದು ನೋಡುಪೆಟ್ಟಿಗೆ. ಒಂದು ಪಟ್ಟಿಯನ್ನು ತೂರಿಸಿ ಆಕಾಶದ ಕಡೆ ಹಿಡಿದು ನೋಡಿದ ಹುಡುಗಿ ಹೌಹಾರಿದಳು. "ಅಜ್ಜಾ, ಮುಳ್ಳುತಂತಿ ಮೂಗಿಗೆ ಚುಚ್ಚುತ್ತೆ!"

ನಾನೂ ನೋಡಿದೆ. ಕೈಗೆಟುಕುವಷ್ಟು ಹತ್ತಿರದಲ್ಲಿ ಮುಳ್ಳುತಂತಿ. ಅದರ ಹಿಂದೆ ಕಂದಕ. ಕಂದಕದಲ್ಲಿ ಕೂತ ಮೂವರು ಸೈನಿಕರು ತಗಡಿನ ಡಬ್ಬದಿಂದ ಏನೋ ಕುಡಿಯುತ್ತಿದ್ದಾರೆ. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದ ಚಿತ್ರ. ನೂರು ವರ್ಷ ದಾಟಿದರೂ ಆ ಕೆಸರು ಈಗಷ್ಟೇ ಮಳೆ ಬಂದ ಹಾಗಿತ್ತು. ಚೌಕಾಸಿ ಮಾಡಿ ಪೆಟ್ಟಿಗೆ ಕೊಂಡೆವು.

ಮನೆಗೆ ಬಂದ ಮೇಲೆ ಪತ್ತೇದಾರಿ ಕೆಲಸ ಶುರುವಾಯಿತು. ಮೊದಲು ಸ್ಕೇಲು ಹಿಡಿದು ಅಳೆದೆವು. 4.5 ಸೆಂಟಿಮೀಟರ್ ಅಗಲ, 10.7 ಸೆಂಟಿಮೀಟರ್ ಉದ್ದ. ಇದು ಪ್ಯಾರಿಸ್‌ನ ಜೂಲ್ ರಿಷಾರ್ ಎಂಬ ಉಪಕರಣ ತಯಾರಕ 1893ರ ಸುಮಾರಿಗೆ ಹೊರತಂದ 'ವೆರಾಸ್ಕೋಪ್' ಕ್ಯಾಮೆರಾದ ಅಳತೆ. ಎರಡು ಕಣ್ಣಿನ ಈ ಪುಟ್ಟ ಕ್ಯಾಮೆರಾ ಒಂದೇ ಸಲಕ್ಕೆ ಎರಡು ಚಿತ್ರ ತೆಗೆಯುತ್ತಿತ್ತು. ಬೇರೆಯವರೂ ಇದೇ ಅಳತೆ ಹಿಡಿದರು. 6 ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ಉದ್ದದ ಪಟ್ಟಿಗಳೂ ಫ್ರಾನ್ಸಿನಲ್ಲಿ ಸಾಮಾನ್ಯ.

ಎರಡನೆಯ ಸುಳಿವು ಬರಹ. ಎರಡು ಚಿತ್ರಗಳ ನಡುವೆ ಅಥವಾ ಅಂಚಿನಲ್ಲಿ ಒಂದೇ ಅಚ್ಚಿನ ಅಕ್ಷರ, ಜೊತೆಗೊಂದು ಸಂಖ್ಯೆ ಇದ್ದರೆ ಅದು ಬಹುಶಃ ಮಾರಾಟಕ್ಕೆಂದು ಮಾಡಿದ ಪ್ರತಿ. ಅದರಂಥವು ಇನ್ನೂ ಎಷ್ಟೋ ಇರಬಹುದು. ಶಾಯಿಯಲ್ಲಿ ಕೈಬರಹವಿದ್ದರೆ ಯಾರೋ ಒಬ್ಬರು ತಮ್ಮ ಮನೆಗಾಗಿ ತೆಗೆದದ್ದಿರಬಹುದು. ಅದು ಜಗತ್ತಿನಲ್ಲಿ ಒಂದೇ ಒಂದು ಇದ್ದೀತು.

ಮೂರನೆಯ ಸುಳಿವು ತಲೆ! ಹೌದು, ಸೈನಿಕರ ತಲೆ ನೋಡಬೇಕು. ಯುದ್ಧ ಶುರುವಾದಾಗ ಫ್ರೆಂಚ್ ಸೈನಿಕರಿಗೆ ಇದ್ದದ್ದು ಬಟ್ಟೆಯ ಟೋಪಿ. ಅಡ್ರಿಯಾನ್ ಎಂಬ ಉಕ್ಕಿನ ಶಿರಸ್ತ್ರಾಣ ಬಂದದ್ದು 1915ರಲ್ಲಿ. ಅದರ ನೆತ್ತಿಯ ಮೇಲೆ ಕೋಳಿಜುಟ್ಟಿನಂಥ ಏಣು ಇರುತ್ತದೆ. ಜರ್ಮನ್ನರು ಮೊದಲು ಮೊನೆಯಿದ್ದ ತೊಗಲಿನ ಶಿರಸ್ತ್ರಾಣ ಹಾಕುತ್ತಿದ್ದರು. ಅವರ ಉಕ್ಕಿನದು ಬಳಕೆಗೆ ಬಂದದ್ದು 1916ರಲ್ಲಿ. ನಮ್ಮ ಒಂದು ಪಟ್ಟಿಯ ಮೇಲೆ 'ಮಾರ್ನ್, 1914' ಎಂದಿತ್ತು. ಮೊಮ್ಮಗಳು ಕಣ್ಣಿಟ್ಟು ನೋಡಿ, "ಅಜ್ಜಾ, ಇವರ ತಲೆ ಮೇಲೆ ಕೋಳಿಜುಟ್ಟಿದೆ. ಇದು 1914 ಅಲ್ಲ" ಎಂದಳು. ಗಾಜು ನಿಜ ಹೇಳುತ್ತಿತ್ತು, ಬರಹ ಸುಳ್ಳು ಹೇಳುತ್ತಿತ್ತು.

ಇನ್ನೊಂದರಲ್ಲಿ ವಿಚಿತ್ರ. ದೂರದ ಮರ ಮುಂದೆ ಬಂದಿದೆ, ಹತ್ತಿರದ ಸೈನಿಕ ಗೋಡೆಯೊಳಗೆ ಹೂತು ಹೋಗಿದ್ದಾನೆ! ನೆಗೆಟಿವ್‌ನಿಂದ ಗಾಜಿನ ಮೇಲೆ ಪ್ರತಿ ತೆಗೆಯುವಾಗ ಎಡ ಬಲದ ಚಿತ್ರಗಳನ್ನು ಅದಲು ಬದಲು ಮಾಡಬೇಕು. ಯಾರೋ ಮರೆತಿದ್ದರು. ನೂರು ವರ್ಷದ ಹಿಂದಿನ ಆ ಮರೆವನ್ನು ಕಂಡು ನಾವಿಬ್ಬರೂ ನಕ್ಕೆವು. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ಹದಿನೇಳನೆಯ ಪಟ್ಟಿಯಲ್ಲಿ ಪೇಟ ಸುತ್ತಿದ ಐವರು, ಮೂರು ಹೇಸರಗತ್ತೆ, ಎಲೆಯಿಲ್ಲದ ಮರಗಳ ಸಾಲು. ನಮ್ಮವರು! ಗಾಜಿನ ನಡುವೆ ನೇರಳೆ ಶಾಯಿಯ ಸಣ್ಣ ಕೈಬರಹ. 'ಹಿಂದೂ' ಎಂಬ ಪದ ಗೊತ್ತಾಯಿತು. ಆ ಕಾಲದ ಫ್ರೆಂಚರು ಸಿಖ್, ಮುಸ್ಲಿಂ, ಗೂರ್ಖಾ ಎಂದು ನೋಡದೆ ಭಾರತದಿಂದ ಬಂದವರನ್ನೆಲ್ಲ ಹಾಗೇ ಬರೆಯುತ್ತಿದ್ದರು. ಅದರ ಮುಂದೆ ಒಂದು ಊರಿನ ಹೆಸರು, ಒಂದು ತಾರೀಖು. ಮೇಲೆ ಧೂಳು ಕೂತು ಮಸುಕಾಗಿತ್ತು. ಓದುವ ಮೊದಲು ಒರೆಸಿಬಿಡೋಣವೆಂದು ಒದ್ದೆ ಬಟ್ಟೆ ತೆಗೆದುಕೊಂಡೆ. ಒಂದೇ ಸಲ ಎಳೆದೆ. ಬಟ್ಟೆ ನೇರಳೆಯಾಯಿತು. ಗಾಜಿನ ಮೇಲೆ ಊರೂ ಇರಲಿಲ್ಲ, ತಾರೀಖೂ ಇರಲಿಲ್ಲ.

ಮಕ್ಕಳೇ, ಇಂಥ ಗಾಜಿಗೆ ಎರಡು ಮುಖ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಕನ್ನಡಿಯಂತೆ ಹೊಳೆಯುತ್ತದೆ, ಅದು ಬರೀ ಗಾಜು. ಇನ್ನೊಂದು ಮಂಕಾಗಿರುತ್ತದೆ. ಚಿತ್ರವಿರುವುದು ಅಲ್ಲಿ, ಜೆಲಟಿನ್ ಪದರದಲ್ಲಿ. ನೀವು ತಿನ್ನುವ ಜೆಲ್ಲಿಯಲ್ಲಿ ಇರುವಂಥದೇ ಜೆಲಟಿನ್. ನೀರು ತಾಗಿದರೆ ಉಬ್ಬುತ್ತದೆ, ಗೀರು ಬೀಳುತ್ತದೆ. ಒಣ ಮೆತ್ತನೆಯ ಬಟ್ಟೆಯಲ್ಲಿ ಹೊಳೆಯುವ ಮುಖವನ್ನು ಮಾತ್ರ ಒರೆಸಬೇಕು. ಒರೆಸುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ಅರವತ್ತೊಂಬತ್ತು ವರ್ಷದ ನನಗೆ ಇದು ಆ ದಿನ ತಿಳಿಯಿತು.

ಮೊಮ್ಮಗಳು ನನ್ನನ್ನು ಸಮಾಧಾನ ಮಾಡಲು ನೋಡಿದಳು. "ನಮ್ಮ ಮೈಸೂರಿನವರು ಅಂತ ಬರೆಯೋಣ್ವಾ ಅಜ್ಜಾ?" ಮೈಸೂರು ಲ್ಯಾನ್ಸರ್ಸ್ ಹೋರಾಡಿದ್ದು ಈಜಿಪ್ಟ್, ಪ್ಯಾಲೆಸ್ತೀನ್ ಕಡೆ. ಹೈಫಾ ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು. ಫ್ರಾನ್ಸಿನ ಚಿತ್ರಕ್ಕೆ ಅವರ ಹೆಸರು ಕೊಡುವಂತಿಲ್ಲ ಎಂದೆ. "ಹಾಗಾದ್ರೆ ನವ್ ಶಪೆಲ್ ಅಂತ ಬರಿ." ಉತ್ತರ ಫ್ರಾನ್ಸಿನ ಆ ಊರಲ್ಲಿ 1915ರ ಮಾರ್ಚಿನಲ್ಲಿ ಭಾರತೀಯರು ದೊಡ್ಡ ಕದನ ಮಾಡಿದರು. ಅಲ್ಲಿರುವ ಸ್ಮಾರಕದಲ್ಲಿ, ಸಮಾಧಿ ಎಲ್ಲಿದೆಯೆಂದೇ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಆಸೆಯೇನೋ ಆಯಿತು. ಹಾಗೆ ಬರೆದರೆ ಪಟ್ಟಿಯ ಬೆಲೆಯೂ ಏರುತ್ತಿತ್ತು.

ಆದರೆ ಲೆಕ್ಕ ಹಾಕಿ ನೋಡಿ. ಭಾರತದ ಕಾಲಾಳುಗಳು ಫ್ರಾನ್ಸಿನಲ್ಲಿ ಇದ್ದದ್ದು 1914ರ ಶರತ್ಕಾಲದಿಂದ 1915ರ ಕೊನೆಯವರೆಗೆ. ಕುದುರೆ ಪಡೆ 1918ರವರೆಗೂ ಇತ್ತು. ಎಲೆಯಿಲ್ಲದ ಮರ ಯಾವ ಚಳಿಗಾಲದ್ದೂ ಆಗಬಹುದು. ನಾನು ಸುಳ್ಳು ಹೆಸರು ಬರೆದರೆ ಮುಂದೆ ಕೊಂಡವರು ಅದನ್ನೇ ನಂಬುತ್ತಾರೆ. ಒಂದು ಊರನ್ನು ಅಳಿಸಿದ್ದೇ ಸಾಕು. ಇನ್ನೊಂದನ್ನು ಕಟ್ಟಿ ಹಾಕುವುದು ಬೇಡ ಎಂದೆ.

ಪೆಟ್ಟಿಗೆಯಲ್ಲಿ ಸತ್ತವರ ಚಿತ್ರಗಳಿದ್ದ ನಾಲ್ಕು ಪಟ್ಟಿಗಳೂ ಇದ್ದವು. ಅವನ್ನು ಅವಳಿಗೆ ತೋರಿಸಲಿಲ್ಲ. ಬೇರೆ ಕಾಗದದಲ್ಲಿ ಸುತ್ತಿಟ್ಟು, "ಇದರಲ್ಲಿ ಮನೆಗೆ ವಾಪಸ್ಸು ಹೋಗದವರು ಇದ್ದಾರೆ. ದೊಡ್ಡವಳಾದ ಮೇಲೆ ನೋಡು" ಎಂದೆ. ಅವಳು ಒಪ್ಪಿದಳು.

ಈಗ ಅಜ್ಜ ಅಜ್ಜಿಯರಿಗೆ ಒಂದು ಮಾತು. ನಿಮ್ಮ ಕಪಾಟಿನಲ್ಲಿರುವ ಹಳೆಯ ಫೋಟೊಗಳನ್ನು ಈ ವಾರ ಕೆಳಗಿಳಿಸಿ. ಮೂರನೆಯ ಸಾಲಿನಲ್ಲಿ ನಿಂತವರು ಯಾರೆಂದು ನಿಮಗೆ ಮಾತ್ರ ಗೊತ್ತಿರಬಹುದು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ, ಮೊಮ್ಮಕ್ಕಳಿಂದ ಒಂದು ನೋಟ್‌ಬುಕ್ಕಿನಲ್ಲೂ ಬರೆಸಿ. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದೇ ಬರೆಯಿರಿ.

ಮಕ್ಕಳೇ, ನಿಮಗೆ ಈ ವಾರದ ಕೆಲಸ. ಮೊಬೈಲಿನಲ್ಲಿ ಅಂಗಳದ ಗಿಡದ ಒಂದು ಫೋಟೊ ತೆಗೆಯಿರಿ. ಮೊಬೈಲನ್ನು ಆರೂವರೆ ಸೆಂಟಿಮೀಟರ್ ಬಲಕ್ಕೆ ಸರಿಸಿ ಇನ್ನೊಂದು ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಏನೇನು ಜಾಗ ಬದಲಿಸಿದೆ ಎಂದು ಹುಡುಕಿ.

ಹದಿನೇಳನೆಯ ಪಟ್ಟಿಯ ಕಾಗದದ ಲಕೋಟೆಯ ಮೇಲೆ ಮೊಮ್ಮಗಳು ತನ್ನ ದುಂಡಗಿನ ಅಕ್ಷರದಲ್ಲಿ ಬರೆದದ್ದು ಇಷ್ಟು: "ಭಾರತದ ಐವರು, ಹೇಸರಗತ್ತೆ ಮೂರು. ಊರು, ತಾರೀಖು ಗೊತ್ತಿಲ್ಲ. ಗಾಜಿನ ಮೇಲೆ ಬರೆದಿತ್ತು, ನಮ್ಮಜ್ಜ ಅಳಿಸಿದರು."