ಗೋಗಿಯ ಬಿಪಿ ರೋಗಿಗೆ ಆರು ತಿಂಗಳಿಗೆ 50 ರೂಪಾಯಿ

ಶಹಾಪುರ ತಾಲೂಕಿನ ಗೋಗಿ ಎಂದರೆ ಹೊರಗಿನವರಿಗೆ ನೆನಪಾಗುವುದು ಆದಿಲ್‌ಶಾಹಿ ಅರಸರ ಗೋರಿಗಳು, ಇಲ್ಲವೇ ಯುರೇನಿಯಂ ನಿಕ್ಷೇಪ. ಅಲ್ಲಿನವರಿಗೆ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ತಿಂಗಳು ತಿಂಗಳು ಸಿಗುತ್ತದೆಯೇ ಎಂಬುದು ಸುದ್ದಿಯಾಗುವುದಿಲ್ಲ.

ರಾಜ್ಯ ಸರಕಾರ ಅಕ್ಟೋಬರ್ 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆ 2025ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿತು. 30 ವರ್ಷ ದಾಟಿದವರನ್ನು ಮನೆಯಲ್ಲೇ ತಪಾಸಣೆ ಮಾಡಿ, ಕಾಯಿಲೆಯಿದ್ದವರಿಗೆ ಉಚಿತ ಔಷಧಿ ತಲುಪಿಸುವ ಯೋಜನೆಯಿದು. ಸ್ವಾಗತಾರ್ಹವೇ. ನಮ್ಮ ಕರಾವಳಿಯಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ; ಯಾದಗಿರಿಗೆ ವೈದ್ಯಕೀಯ ಕಾಲೇಜು ಬಂದದ್ದೇ 2022ರಲ್ಲಿ.

ಆದರೆ ಹಣದ ಲೆಕ್ಕ ನೋಡಬೇಕು. ಮನೆಮನೆಗೆ ಹೋಗುವವರು ಆಶಾ ಕಾರ್ಯಕರ್ತೆಯರು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಪ್ರೋತ್ಸಾಹಧನದ ಪಟ್ಟಿಯಂತೆ ಒಬ್ಬರ ತಪಾಸಣಾ ನಮೂನೆ ತುಂಬಿದರೆ 10 ರೂಪಾಯಿ. ರೋಗಿಯೊಬ್ಬರನ್ನು ಆರು ತಿಂಗಳು ವಿಚಾರಿಸಿಕೊಂಡರೆ 50 ರೂಪಾಯಿ, ಅಂದರೆ ತಿಂಗಳಿಗೆ ಎಂಟು ರೂಪಾಯಿ ಚಿಲ್ಲರೆ! ಸಕ್ಕರೆ ಕಾಯಿಲೆ ಒಮ್ಮೆ ಪತ್ತೆ ಹಚ್ಚಿದರೆ ಮುಗಿಯುವಂಥದ್ದಲ್ಲ. ಮೈ ಹಗುರವಾಯಿತೆಂದು ಜನ ಗುಳಿಗೆ ಬಿಡುತ್ತಾರೆ. ಲಕ್ವ, ಮೂತ್ರಪಿಂಡದ ತೊಂದರೆ ಬರುವುದು ಆಮೇಲೆ. ಹಾಗೆ ಬಿಡದಂತೆ ನೋಡಿಕೊಳ್ಳುವ ಕೆಲಸಕ್ಕೇ ಇಷ್ಟು ಕಡಿಮೆ ಬೆಲೆ.

ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳು ನರ್ಸಿಂಗ್ ಕಲಿತವರು. ಅವರದೂ ಗುತ್ತಿಗೆ ನೌಕರಿ. ಅಭಿಯಾನದ ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40, ಸಂಬಳದ ಮಾತು ಬಂದಾಗ ಇವರು ಅವರತ್ತ, ಅವರು ಇವರತ್ತ ಬೆರಳು ತೋರಿಸುತ್ತಾರೆ. ಜನವರಿ 2025ರಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕುಳಿತಾಗ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಅದು ಈಡೇರಿಲ್ಲವೆಂದು ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿದರು.

ಹಣವೇ ಇಲ್ಲವೆನ್ನುವಂತಿಲ್ಲ. 371(ಜೆ) ವಿಧಿಯಡಿ ರಚನೆಯಾದ, ಇಂದಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಿಸಲಾಗಿತ್ತು. ಕಟ್ಟಡಕ್ಕೆ ಶಿಲಾನ್ಯಾಸವಿದೆ, ಫಲಕವಿದೆ. ಮನೆಮನೆ ತಿರುಗುವವಳ ಸಂಬಳಕ್ಕೆ ಫಲಕ ಹಾಕಲಾಗದು. ಆದರೂ ಆ ಹಣದ ಒಂದು ಪಾಲನ್ನು ಗೋಗಿಯಂಥ ಊರುಗಳಲ್ಲಿ ಮನೆಭೇಟಿಯ ಖಾಯಂ ಸಂಬಳಕ್ಕೆ ಮೀಸಲಿಡುವುದು ಅಸಾಧ್ಯವೇನಲ್ಲ.

ಇನ್ನೊಂದು ವಿಷಯ ನಮಗೇ ತಟ್ಟುವಂಥದ್ದು. ಯಾದಗಿರಿ ಕಡೆಯಿಂದ ಗುಳೆ ಹೊರಟವರು ಮಂಗಳೂರು, ಉಡುಪಿಯ ಕಟ್ಟಡ ಕೆಲಸಕ್ಕೂ ಬರುತ್ತಾರೆ. ಊರಿನ ಆಶಾ ಕಾರ್ಯಕರ್ತೆ ಇಲ್ಲಿನ ಶೆಡ್ಡಿಗೆ ಬರಲಾರಳು. ನಮ್ಮ ವಾರ್ಡುಗಳಲ್ಲಿ ಇಂಥ ಶೆಡ್ಡುಗಳಿದ್ದರೆ, ಗುಳಿಗೆ ಮುಗಿದವರು ಯಾರಿದ್ದಾರೆಂದು ಕೇಳಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬಹುದು.