ಬೆಟ್ಟಕ್ಕೆ ಬಂದ ಸಂಪುಟ, ಹರದನಹಳ್ಳಿಯ ಫಾರಂ

ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಮುಖ್ಯಮಂತ್ರಿಗಳು ಹೆದರುತ್ತಿದ್ದ ಊರು ಚಾಮರಾಜನಗರ. 1997ರಲ್ಲಿ ಜಿಲ್ಲೆಯಾದಾಗಲೂ ಜೆ.ಎಚ್. ಪಟೇಲರು ಉದ್ಘಾಟನೆ ಮಾಡಿದ್ದು ದೂರದ ಮಲೆ ಮಹದೇಶ್ವರ ಬೆಟ್ಟದಲ್ಲಿ! ಆ ಭಯವನ್ನು ಸಿದ್ದರಾಮಯ್ಯ ಮುರಿದರು. 2025ರ ಏಪ್ರಿಲ್ 24ರಂದು ಅದೇ ಬೆಟ್ಟದಲ್ಲಿ ಸಚಿವ ಸಂಪುಟವೇ ಸಭೆ ಸೇರಿತು. ಆದರೆ ಸರ್ಕಾರ ನಿಜಕ್ಕೂ ಊರು ತಲುಪಿದೆಯೇ ಎಂದು ನೋಡಲು ಪಟ್ಟಣದ ಪಕ್ಕದ ಹರದನಹಳ್ಳಿಗೇ ಹೋಗಬೇಕು. ದಿವ್ಯಲಿಂಗೇಶ್ವರನ ಗುಡಿಯಿಂದ ಹೆಸರಾದ ಈ ಹೋಬಳಿ ಕೇಂದ್ರದ ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕೃಷಿ ಕಾಲೇಜೂ ಇದೆ. ವಿಜ್ಞಾನ ಕೇಂದ್ರಕ್ಕೆ ದುಡ್ಡು ದೆಹಲಿಯ ಕೃಷಿ ಅನುಸಂಧಾನ ಪರಿಷತ್ತಿನದು, ನಡೆಸುವ ಹೊಣೆ ಕೃಷಿ ವಿಶ್ವವಿದ್ಯಾಲಯದ್ದು. ಅರಿಸಿನ, ಬಾಳೆ, ಸಣ್ಣ ಈರುಳ್ಳಿ ಬೆಳೆಯುವವರಿಗೆ ಮಣ್ಣು ಪರೀಕ್ಷೆ, ತರಬೇತಿ, ಹೊಲದಲ್ಲೇ ಪ್ರಾತ್ಯಕ್ಷಿಕೆ: ಸಂಪುಟ ಸಭೆಯ ಪ್ಯಾಕೇಜ್ ಘೋಷಣೆಯ ಸುದ್ದಿಯಷ್ಟು ಸದ್ದು ಮಾಡದ ಕೆಲಸಗಳಿವು. ಬೋರ್‌ವೆಲ್ ಬತ್ತುವ ಗುಂಡ್ಲುಪೇಟೆ ಸೀಮೆಯ ಕೆರೆಗಳಿಗೆ ಕಬಿನಿ ನೀರು ಹರಿಸಿದ್ದೂ ಅದೇ ಸಾಲಿನದು. ಸರಿ, ಬೆಳೆದದ್ದಕ್ಕೆ ಬೆಲೆ? ಇಲ್ಲಿನ ಅರಿಸಿನ ಇಂದಿಗೂ ಗಡಿ ದಾಟಿ ಈರೋಡಿನ ಮಾರುಕಟ್ಟೆಯ ದಾರಿ ಹಿಡಿಯುತ್ತದೆ. ಮುಂದಿನ ಸಂಪುಟ ಸಭೆಯ ಕಾರ್ಯಸೂಚಿಯಲ್ಲಿ ಅರಿಸಿನ ಮಾರುಕಟ್ಟೆಯ ಮಾತೇ ಮೊದಲು ಬರಲಿ.