ಸವೆದ ಹಲಗೆಯ ಬೆಲೆ
ಕೊಟ್ಟೂರು ಜಾತ್ರೆಯ ಆಟಿಕೆ ಸಾಲಿನಲ್ಲಿ ಈ ವಾರ ಕಣ್ಣಿಗೆ ಬಿದ್ದದ್ದು ಸ್ಪ್ರಿಂಗಿನಿಂದ ಗೋಲಿ ಚಿಮ್ಮಿಸಿ ಮೊಳೆಗಳ ನಡುವೆ ಉರುಳಿಸುವ ಹಲಗೆ. ಪಿನ್‌ಬಾಲ್ ಯಂತ್ರದ ಬಡ ನೆಂಟ ಇದು. ಮಾಂಟೇಗ್ ರೆಡ್‌ಗ್ರೇವ್ 1871ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಆಟದಲ್ಲೂ ಇದೇ ಸ್ಪ್ರಿಂಗ್ ಇತ್ತು. ಹಳೇ ಪಿನ್‌ಬಾಲ್ ಕೂಡಿಡುವವರು ಬೆಲೆ ಕಟ್ಟುವಾಗ ಗಾಜಿನ ಚಿತ್ರದ ಬಣ್ಣ ಉದುರಿದೆಯೇ, ಆಟದ ಹಲಗೆ ಸವೆದಿದೆಯೇ ಎಂದು ನೋಡುತ್ತಾರೆ. ಸುಟ್ಟ ಸುರುಳಿ, ಹರಿದ ವೈರಿನ ಮಾತು ಆಮೇಲೆ, ರಿಪೇರಿ ಆಗುತ್ತದಲ್ಲ! ಅಂದರೆ ಜನ ಮುಗಿಬಿದ್ದು ಆಡಿದ ಯಂತ್ರವೇ ಅಗ್ಗ. ಹಡಗಲಿ, ಹರಪನಹಳ್ಳಿ ಕಡೆಯ ರೈತನಿಗೆ ಹೇಳಿ ನೋಡಿ, ನಕ್ಕುಬಿಟ್ಟಾನು: ಎತ್ತಿನ ಹಲ್ಲು ಎಣಿಸಿದ ಮೇಲೆ ಹೆಗಲಿನ ನೊಗದ ಗುರುತು ಕಂಡರೆ ಪಳಗಿದ್ದೆಂದು ಅವನಿಗೆ ಸಮಾಧಾನ. ನಾನಂತೂ ಸವೆದ ಹಲಗೆಗೇ ನೂರು ರೂಪಾಯಿ ಹೆಚ್ಚು ಕೊಟ್ಟೇನು, ಕೂಡ್ಲಿಗಿಯ ಗುಜರಿಗೆ ಪಿನ್‌ಬಾಲ್ ಎಂದಾದರೂ ಬಂದರೆ.